ಚೋಕ್ ಎಳೆಯುವ ಕೆಲಸ ಮುಗಿಯಿತು, ಸೀನ

ಪ್ರಿಯ ಸೀನ,

ನನ್ನ ಹಳೆ ಕಾರಿನ ಎಂಜಿನ್ ಫೋಟೋ ನೋಡಿ ನೀನು "ಆ ಕಪ್ಪು ಡಬ್ಬಿ ಏನೋ?" ಅಂತ ಕೇಳಿದ್ದೆ. ಉತ್ತರ ಸ್ವಲ್ಪ ಉದ್ದ ಇದೆ. ಹಳೆ ಗಾಡಿ ಇಟ್ಟುಕೊಂಡ ಬೇರೆಯವರಿಗೂ ಉಪಯೋಗವಾಗಲಿ ಅಂತ ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ. ತರೀಕೆರೆ ವಿಷಯ ಎತ್ತುವುದಿಲ್ಲ, ಹೆದರಬೇಡ.

ಅದು ಎಲೆಕ್ಟ್ರಿಕ್ ಚೋಕ್. ತಣ್ಣಗಿನ ಎಂಜಿನ್ ಹತ್ತಲು ಬೇಕಾದ ಚೋಕನ್ನು ಕೈ ಬದಲು ಕರೆಂಟ್ ನಡೆಸುತ್ತದೆ. ನನ್ನ 1972ರ ಎಂಜಿಬಿಯಲ್ಲಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಹಿಂದಿನ ಮಾಲೀಕರು ಎರಡು ಎಸ್‌ಯು ಕಂಪನಿಯ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ತೆಗೆದು ವೆಬರ್ ಕಂಪನಿಯ ಒಂದು 32/36 ಕೂರಿಸಿದ್ದರು. ಅದು ಡಿಜಿವಿ ಮಾದರಿ, ಕೈಯಲ್ಲಿ ಎಳೆಯುವ ಚೋಕ್. ಅದೇ ವೆಬರ್ ಡಿಜಿಇವಿ ಹೆಸರಿನಲ್ಲಿ ಎಲೆಕ್ಟ್ರಿಕ್ ಚೋಕ್ ಜೊತೆಗೂ ಬರುತ್ತದೆ. ಹಾಗಾಗಿ ಇಡೀ ಕಾರ್ಬ್ಯುರೇಟರ್ ಬದಲಿಸಬೇಕಿಲ್ಲ. ಚೋಕ್ ಭಾಗಕ್ಕೆ ಮಾತ್ರ ಕಿಟ್ ಸಿಗುತ್ತದೆ.

ನಿಮ್ಮಪ್ಪನ ಅಂಬಾಸಿಡರ್‌ನಲ್ಲಿ ಚೋಕ್ ಎಳೆದರೆ ಎಸ್‌ಯು ಒಳಗಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ನಳಿಗೆ) ಕೆಳಗಿಳಿದು ಪೆಟ್ರೋಲ್ ಜಾಸ್ತಿ ಬರುತ್ತಿತ್ತು. ವೆಬರ್‌ನಲ್ಲಿ ಬಾಯಿಗೆ ಅಡ್ಡವಾಗಿ ತಗಡು ಮುಚ್ಚಿಕೊಂಡು ಗಾಳಿ ಕಡಿಮೆಯಾಗುತ್ತದೆ. ಎರಡರ ಉದ್ದೇಶವೂ ಒಂದೇ. ತಣ್ಣಗಿನ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಉರಿಯುವುದು ಆವಿ ಮಾತ್ರ. ಅದಕ್ಕೇ ಹೆಚ್ಚು ಸುರಿಯಬೇಕು. ಆದರೆ ಎಂಜಿನ್ ಬಿಸಿಯಾದ ಮೇಲೂ ಚೋಕ್ ಎಳೆದೇ ಇಟ್ಟರೆ ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್. ಸಿಲಿಂಡರ್ ಗೋಡೆಯ ಆಯಿಲ್ ಕೂಡ ಪೆಟ್ರೋಲಿನಲ್ಲಿ ತೊಳೆದುಹೋಗುತ್ತದೆ.

ಆ ಡಬ್ಬಿಯೊಳಗೆ ಎರಡು ಲೋಹದ ಪಟ್ಟಿ ಸೇರಿಸಿ ಸುತ್ತಿದ ಸ್ಪ್ರಿಂಗ್ ಇದೆ, ಪಕ್ಕದಲ್ಲಿ ಪುಟ್ಟ ಹೀಟರ್. ತಣ್ಣಗಿರುವಾಗ ಸ್ಪ್ರಿಂಗ್ ತಗಡನ್ನು ಮುಚ್ಚಿ ಹಿಡಿಯುತ್ತದೆ. ಕರೆಂಟ್ ಬಂದು ಕಾದಂತೆ ಹಿಡಿತ ಸಡಿಲಿಸಿ ಬಾಯಿ ತೆರೆಯುತ್ತದೆ.

ಕೂರಿಸುವುದು ಕಷ್ಟವಲ್ಲ, ವೈರ್ ಎಲ್ಲಿಂದ ತೆಗೆಯಬೇಕು ಅನ್ನುವುದೇ ಮುಖ್ಯ. ಗಾಡಿಯ ಎಲೆಕ್ಟ್ರಿಕ್ ಸಾಮಾನು ಮಾಡಿದ ಲ್ಯೂಕಾಸ್‌ನವರ ಕಂದು ವೈರಿನಲ್ಲಿ ಸದಾ ಕರೆಂಟ್ ಇರುತ್ತದೆ. ಅದಕ್ಕೆ ಕೊಟ್ಟರೆ ಕೀ ತೆಗೆದ ಮೇಲೂ ಹೀಟರ್ ಉರಿದು ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ಕಾಯಿಲ್‌ನಿಂದಲೂ ಕದಿಯಬಾರದು, ಸ್ಪಾರ್ಕಿಗೆ ಬೇಕಾದ ಕರೆಂಟಿನಲ್ಲಿ ಪಾಲು ಕೇಳಿದಂತೆ. ಹಸಿರು ವೈರ್ ಸರಿ. ಅದು ಫ್ಯೂಸ್ ದಾಟಿ ಬರುತ್ತದೆ, ಕೀ ತಿರುಗಿಸಿದರೆ ಮಾತ್ರ ಜೀವ. ಸ್ಟಾರ್ಟ್ ಮಾಡುವ ಮುಂಚೆ ಆಕ್ಸಿಲರೇಟರ್ ಒಮ್ಮೆ ಪೂರ್ತಿ ಒತ್ತಿ ಬಿಡಬೇಕು, ತಗಡು ಮುಚ್ಚಿಕೊಳ್ಳುವುದು ಆಗಲೇ. ಕೀ ಆನ್ ಮಾಡಿಟ್ಟು ಮಾತಾಡುತ್ತಾ ಕೂತರೆ ಎಂಜಿನ್ ಹತ್ತುವ ಮೊದಲೇ ಚೋಕ್ ತೆರೆದುಬಿಡುತ್ತದೆ. ನಿನಗೇ ಹೇಳುತ್ತಿರುವುದು.

ಒಂದು ವಿಷಯ ಮಾತ್ರ ನನಗೆ ಸಮಾಧಾನ ಕೊಟ್ಟಿಲ್ಲ. ಈ ಹೀಟರ್ ಎಂಜಿನ್ ಎಷ್ಟು ಬಿಸಿಯಾಗಿದೆ ಅಂತ ನೋಡುವುದೇ ಇಲ್ಲ. ತನ್ನ ಪಾಡಿಗೆ ಕಾದು ತನ್ನ ಪಾಡಿಗೆ ತೆರೆಯುತ್ತದೆ. ಇಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಮಾರ್ಚ್ ಚಳಿಯಲ್ಲಿ ಎಂಜಿನ್ ಇನ್ನೂ ನಡುಗುತ್ತಿರುವಾಗಲೇ ತೆರೆದಿರುತ್ತದೆ. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಡಬ್ಬಿ ತಣ್ಣಗಾಗಿ, ಎಂಜಿನ್ ಬಿಸಿಯಿದ್ದರೂ ಮತ್ತೆ ಮುಚ್ಚಿಕೊಳ್ಳುತ್ತದೆ. ಕೈಯಲ್ಲಿ ಚೋಕ್ ಹಿಡಿದವನು ಸದ್ದು ಕೇಳಿ ಕೇಳಿ ಅಷ್ಟಷ್ಟೇ ಒಳಗೆ ತಳ್ಳುತ್ತಾನೆ. ಅದಕ್ಕಿಂತ ಒಳ್ಳೆಯ ಚೋಕ್ ಇಲ್ಲ, ಈಗಲೂ ಹಾಗೇ ಅನಿಸುತ್ತದೆ.

ಮತ್ತೆ ಯಾಕೆ ಬದಲಿಸಿದೆ ಅಂತೀಯಾ? ಹೇಳುತ್ತೇನೆ.

ಚಳಿಗಾಲದಲ್ಲಿ ಟ್ಯಾಪೆಟ್ (ಎಂಜಿನ್ ವಾಲ್ವ್ ತಳ್ಳುವ ಭಾಗ) ಸದ್ದು ನಿಂತುಹೋಗಿತ್ತು. ಎಂಜಿನ್ ಮೆತ್ತಗಾಯಿತು ಅಂತ ಖುಷಿಪಟ್ಟಿದ್ದೆ. ಮಗಳು ಪಕ್ಕದಲ್ಲಿ ಕೂತು, "ಅಪ್ಪಾ, ಏನಿದು ಇಷ್ಟು ಟಿಕ್ ಟಿಕ್ ಅನ್ನುತ್ತೆ?" ಅಂದಳು. ಕಿವಿ ಡಾಕ್ಟರು ಪರೀಕ್ಷೆ ಮಾಡಿ ಗ್ರಾಫ್ ತೋರಿಸಿದರು. ತಗ್ಗಿನ ಸದ್ದು ಪರವಾಗಿಲ್ಲ. ಸಣ್ಣ, ಚುರುಕು ಸದ್ದುಗಳು ಬಲಗಿವಿಗೆ ಬರುತ್ತಿಲ್ಲ, ಎಡಗಿವಿಯೂ ಅದೇ ದಾರಿಯಲ್ಲಿದೆ. ಚೋಕ್ ತಳ್ಳುವಾಗ ಬದಲಾಗುವ ಗುಡುಗುಡು ಈಗಲೂ ಕೇಳಿಸುತ್ತದೆ ಸೀನ. ಆದರೆ ಕೇಳಿಸಿದ್ದನ್ನು ನಂಬಲು ಆಗುತ್ತಿಲ್ಲ. ಕೈ ಅಲ್ಲೇ ನಿಂತುಬಿಡುತ್ತದೆ.

ಈ ಗಾಡಿ ತಗೊಂಡಿದ್ದೇ ಆ ಸದ್ದಿಗೆ. ಅಂಬಾಸಿಡರ್‌ನ 1489 ಸಿಸಿ ಎಂಜಿನ್, ಇದರ 1798 ಸಿಸಿ ಎಂಜಿನ್, ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) ಬಿ-ಸೀರೀಸ್, ಒಂದೇ ವಂಶ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಸಕಲೇಶಪುರದ ನಿಮ್ಮ ಮನೆ ಅಂಗಳದಲ್ಲೇ ನಿಂತಂತೆ ಆಗಿತ್ತು. ನಿಮ್ಮಪ್ಪ ಚೋಕ್ ಹಿಡಿದು "ಸುಮ್ನಿರ್ರೋ, ಕೇಳಿಸ್ಕೋತಿದೀನಿ" ಅಂತ ನಮ್ಮಿಬ್ಬರನ್ನೂ ಗದರುತ್ತಿದ್ದರಲ್ಲ, ಆ ಸದ್ದು. ಅದರಲ್ಲಿ ಅರ್ಧ ಈಗ ನನಗಿಲ್ಲ. ಕಳೆದ ಸಲ ಫೋನಿನಲ್ಲಿ ನೀನು ಅಮ್ಮನ ಆಪರೇಷನ್ ವಿಷಯ ಹೇಳಿದೆ. ಪೂರ್ತಿ ಕೇಳಿಸಲಿಲ್ಲ ಕಣೋ. ಮತ್ತೆ ಹೇಳು ಅನ್ನಲು ಬಾಯಿ ಬರಲಿಲ್ಲ, ಹೂಂ ಹೂಂ ಅಂದೆ. ಇನ್ನೊಮ್ಮೆ ಹೇಳು. ಬರೆದು ಕಳಿಸಿದರೂ ಸರಿ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಇರಲಿ ಬಿಡು. ಕಿವಿಯ ಮಿಷನ್ ಮುಂದಿನ ತಿಂಗಳು ಬರುತ್ತದೆ. ನೀನು ಜೂನ್‌ನಲ್ಲಿ ಬರುವುದು ಖಾತ್ರಿ ತಾನೇ? ಟ್ಯಾಪೆಟ್ ಸೆಟ್ ಮಾಡೋಣ. ಸಂದು ಅಳೆಯುವ ಫೀಲರ್ ಗೇಜ್ ನಾನು ಹಿಡಿಯುತ್ತೇನೆ, ಕೇಳುವ ಕೆಲಸ ನಿನ್ನದು. ಕಾಫಿಪುಡಿ ತಾ. ಎಷ್ಟು ಅಂತ ನಿನಗೆ ಗೊತ್ತು, ಕಸ್ಟಮ್ಸ್‌ನವರಿಗೆ ಏನು ಹೇಳಬಾರದು ಅಂತಲೂ ಗೊತ್ತು.

ನಿನ್ನ,
ಬುಡ್ಡಿ