ಶಾಸಕರೇ, ಈ ಅಧಿವೇಶನಕ್ಕೆ ಒಂದು ಪ್ರಶ್ನೆ ಬರೆದು ಕೊಡಿ, ಉತ್ತರ ಬಂದ್ಮೇಲೆ ಓದಿ

ನಮ್ಮ ಕ್ಷೇತ್ರದ ಶಾಸಕರಿಗೆ ನಮಸ್ಕಾರ.

ಸಾರ್, ಹೋದ ತಿಂಗಳು ಜಾತ್ರೆಗೆ ನೀವು ಬಂದಿದ್ದಾಗ ತೇರಿನ ಬೀದೀಲಿ ನಿಮ್ಮ ಕೈಗೆ ಒಂದು ಅರ್ಜಿ ಕೊಟ್ಟಿದ್ದೆ, ಅರ್ಧ ಕಟ್ಟಿ ನಿಲ್ಲಿಸಿರೋ ಶಾಲೆ ಕೊಠಡಿ ವಿಷಯ. ಅಷ್ಟು ಜನದ ಮಧ್ಯೆನೂ ನಿಂತು ಓದಿದ್ರಿ, ಅಲ್ಲೇ ಅಧಿಕಾರಿಗೆ ಫೋನ್ ಮಾಡಿ ಸ್ವಲ್ಪ ಜೋರಾಗೇ ಮಾತಾಡಿದ್ರಿ, "ಆಯ್ತಮ್ಮ, ಮಾಡಿಸ್ತೀನಿ" ಅಂದ್ರಿ. ಅದಕ್ಕೆ ನಾನು ಋಣಿ, ನಿಜವಾಗ್ಲೂ. ಆದ್ರೆ ನಾನು ಸರ್ಕಾರದ ಒಂದು ಇಲಾಖೇಲಿ 26 ವರ್ಷ ಕೆಲಸ ಮಾಡಿ, ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಆಗಿ ಸೇರಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಆಗಿ ರಿಟೈರ್ ಆದೋಳು, ಇಲಾಖೆ ಹೆಸರು ತಾಲೂಕಿನ ಹೆಸರು ಇಲ್ಲಿ ಬೇಡ, ಆ ಕಡೆ ಕುರ್ಚೀಲಿ ಕೂತು ಇಂಥ ಎಷ್ಟೋ ಫೋನು ನೋಡಿದೀನಿ. ಸಾಹೇಬ್ರು "ಎಸ್ ಸಾರ್, ಎಸ್ ಸಾರ್" ಅಂತಾರೆ, ಫೋನ್ ಇಡ್ತಾರೆ, ಫೈಲಲ್ಲಿ ಒಂದಕ್ಷರ ಬೀಳಲ್ಲ. ಮೂರು ತಿಂಗಳಾದ್ಮೇಲೆ ಆ ಸಾಹೇಬ್ರಿಗೆ ಟ್ರಾನ್ಸ್‌ಫರ್ ಆದ್ರೆ ನೀವು ಹೇಳಿದ ಮಾತೂ ಅವ್ರ ಜೊತೆನೇ ಹೊರಟೋಗುತ್ತೆ.

ನಾವು ಆಫೀಸಲ್ಲಿ ಹೆದರ್ತಿದ್ದಿದ್ದು ಎಲ್‌ಎಕ್ಯೂಗೆ. ವಿಧಾನಸಭೆ ಪ್ರಶ್ನೆ ಬಂದ್ರೆ ಎಲ್‌ಎಕ್ಯೂ, ಪರಿಷತ್ ಪ್ರಶ್ನೆ ಬಂದ್ರೆ ಎಲ್‌ಸಿಕ್ಯೂ. ಬೆಂಗಳೂರಲ್ಲಿ ಸಚಿವಾಲಯದಿಂದ ಹೊರಟು ಆಯುಕ್ತರ ಕಚೇರಿ, ಅಲ್ಲಿಂದ ಜಿಲ್ಲೆ, ಜಿಲ್ಲೆಯಿಂದ ತಾಲೂಕಿಗೆ ಬರೋ ಹೊತ್ತಿಗೆ ಟೈಮೇ ಉಳಿದಿರ್ತಿರ್ಲಿಲ್ಲ, "ಎಲ್‌ಎಕ್ಯೂ ಅತಿ ಜರೂರು, ಸಂಜೆ 4ರೊಳಗೆ ಮಾಹಿತಿ ಕಳಿಸಿ" ಅಂತ ಮೆಸೇಜ್ ಬಂದ್ರೆ ಊಟಕ್ಕೆ ಹೋದೋರು ಅರ್ಧಕ್ಕೆ ಎದ್ದು ಬರ್ತಿದ್ರು. ಯಾಕೆ ಅಷ್ಟು ಅವಸರ ಅಂದ್ರೆ ಆ ಉತ್ತರದ ಕೆಳಗೆ ಸಹಿ ಹಾಕೋದು ಮಂತ್ರಿ, ಅದು ಸದನದ ದಾಖಲೆಗೆ ಹೋಗುತ್ತೆ, ತಪ್ಪು ಲೆಕ್ಕ ಕೊಟ್ಟಿದ್ದು ಗೊತ್ತಾದ್ರೆ ಹಕ್ಕುಚ್ಯುತಿ, ಅಂದ್ರೆ ಸದನದ ಹಕ್ಕಿಗೆ ಧಕ್ಕೆ ತಂದ್ರಿ ಅಂತ ಕರೆಸ್ತಾರೆ. ನಮ್ಮಂಥವ್ರು 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿದ್ರೆ 30 ದಿನ ಕಾದು "ಮಾಹಿತಿ ಲಭ್ಯವಿಲ್ಲ" ಅಂತ ಒಂದು ಸಾಲಿನ ಪತ್ರ ತಗೋಬೇಕು. ಶಾಸಕರ ಪ್ರಶ್ನೆಗೆ ಹಾಗೆ ಬರೆದು ಕಳಿಸೋಕೆ ಯಾರಿಗೂ ಅಷ್ಟು ಸುಲಭಕ್ಕೆ ಕೈ ಬರಲ್ಲ.

ಒಂದು ಸಲದ್ದು ಹೇಳ್ತೀನಿ. ನಿಮಗಿಂತ ಹಿಂದೆ ಇದ್ದ ಶಾಸಕರೊಬ್ರು ಚುಕ್ಕೆ ಗುರುತಿಲ್ಲದ ಪ್ರಶ್ನೆ, ಅಂದ್ರೆ ಬರೀ ಲಿಖಿತ ಉತ್ತರ ಬರೋ ಪ್ರಶ್ನೆ ಒಂದು ಕೇಳಿದ್ರು, ಕಳೆದ 3 ವರ್ಷಗಳಲ್ಲಿ ತಾಲ್ಲೂಕಿಗೆ ಮಂಜೂರಾದ ಶಾಲಾ ಕೊಠಡಿಗಳೆಷ್ಟು, ಪೂರ್ಣಗೊಂಡಿರುವುದೆಷ್ಟು, ಬಾಕಿ ಉಳಿದಿದ್ದಲ್ಲಿ ಕಾರಣಗಳೇನು, ಯಾವ ಕಾಲಮಿತಿಯಲ್ಲಿ ಪೂರ್ಣಗೊಳಿಸಲಾಗುವುದು, ಅಂತ. ಕೊನೇಲಿ "ಶಾಲಾವಾರು ಮಾಹಿತಿ ನೀಡುವುದು" ಅಂತ ಸೇರಿಸಿದ್ರು. ಆ "ಶಾಲಾವಾರು" ಅನ್ನೋ ಒಂದು ಪದಕ್ಕೆ ಇಡೀ ಆಫೀಸು ಸಿಕ್ಕಿಬಿತ್ತು. ಬರೀ ಒಟ್ಟು ಸಂಖ್ಯೆ ಕೇಳಿದ್ರೆ ಬರೆದು ಕಳಿಸಿ ಸುಮ್ನಾಗಬಹುದಿತ್ತು, ಶಾಲೆ ಹೆಸರು ಹಾಕಿ ಎದುರಿಗೆ "ಪೂರ್ಣಗೊಂಡಿದೆ" ಅಂತ ಬರೀಬೇಕಾದ್ರೆ ಯಾರೋ ಒಬ್ರು ಹೋಗಿ ನೋಡ್ಲೇಬೇಕಲ್ಲ. ಮೂರು ಶಾಲೇಲಿ ಕೆಲಸ ನಿಂತಿತ್ತು, ದುಡ್ಡು ಬಿಡುಗಡೆ ಆಗಿತ್ತು, ಒಂದು ಕಡೆ ಪಾಯ, ಒಂದು ಕಡೆ ಗೋಡೆ, ಇನ್ನೊಂದು ಲಿಂಟಲ್ ಮಟ್ಟ. ಪ್ರಶ್ನೆ ಬಂದ ಎರಡೇ ದಿನಕ್ಕೆ ಇಂಜಿನಿಯರ್ ಟೇಪು ಹಿಡ್ಕೊಂಡು ಬಂದ್ರು, ಮೂರು ವರ್ಷದಿಂದ ಬರದೇ ಇದ್ದೋರು. ಕಂಟ್ರಾಕ್ಟರ್‌ಗೆ ನೋಟಿಸ್ ಹೋಯ್ತು. ಉತ್ತರ ಇನ್ನೂ ಸದನಕ್ಕೆ ಹೋಗೇ ಇಲ್ಲ, ಆಗ್ಲೇ ಎರಡು ಶಾಲೇಲಿ ಜಲ್ಲಿ ಮರಳು ಬಂದು ಬಿದ್ದಿತ್ತು.

ಇದು ಹೊರಗಿನೋರಿಗೆ ಗೊತ್ತಾಗಲ್ಲ ಸಾರ್. ಪ್ರಶ್ನೆ ಕೆಲಸ ಮಾಡೋದು ಮಂತ್ರಿಗಳು ಎದ್ದು ಉತ್ತರ ಹೇಳೋವಾಗ ಅಂತ ಜನ ಅಂದ್ಕೋತಾರೆ, ಅರ್ಧ ಕೆಲಸ ಅದು ಮೇಲಿಂದ ಕೆಳಗೆ ಇಳಿಯೋವಾಗ್ಲೇ ಆಗಿಹೋಗುತ್ತೆ, ಪ್ರತಿ ಮೆಟ್ಟಿಲಲ್ಲೂ ಒಬ್ರು ಫೈಲ್ ತೆಗೀಬೇಕು, ಒಬ್ರು ಸಹಿ ಹಾಕ್ಬೇಕು, ನಾಳೆ ಯಾರಾದ್ರೂ ಕೇಳಿದ್ರೆ ಅಂತ ಒಬ್ರು ಯೋಚನೆ ಮಾಡ್ಬೇಕು.

ಮೂರನೇ ಶಾಲೆ ಉಳೀತು. ಅದರ ಮುಂದೆ "ಕಾಮಗಾರಿ ಪ್ರಗತಿಯಲ್ಲಿದೆ" ಅಂತ ಟೈಪ್ ಮಾಡಿದ್ದು ನಾನೇ. ಪ್ರಗತಿ ಏನೂ ಇರ್ಲಿಲ್ಲ, ಗೋಡೆ ಮೇಲೆ ಗಿಡ ಹುಟ್ಟಿತ್ತು. ಮೇಲಿನೋರು ಹಾಗೆ ಬರೀರಿ ಅಂದ್ರು, ಬರೆದೆ, ಅದು ಈಗ್ಲೂ ನನ್ನ ಮನಸ್ಸಲ್ಲಿ ಕೊರೀತಾ ಇದೆ. ಮುಂದಿನ ಅಧಿವೇಶನಕ್ಕೆ ಮತ್ತೆ ಪ್ರಶ್ನೆ ಬರುತ್ತೆ, ಆಗ ಸಿಕ್ಕಿಹಾಕ್ಕೋತೀವಿ ಅಂತ ಕಾದಿದ್ದೆ. ಬರ್ಲಿಲ್ಲ. ಆ ಶಾಸಕರು ಉತ್ತರ ಓದಿದ್ರೋ ಇಲ್ವೋ ನನಗಂತೂ ಅನುಮಾನ. ನಾನು ಜಾತ್ರೇಲಿ ನಿಮಗೆ ಅರ್ಜಿ ಕೊಟ್ಟಿದ್ದು ಅದೇ ಶಾಲೇದು.

ನೀವು ಮೊದಲನೇ ಸಲ ಗೆದ್ದೋರು, ಹಾಗಾಗಿ ಗೊತ್ತಿದ್ರೂ ಇರಲಿ ಅಂತ ಬರೀತೀನಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಬಾಯಲ್ಲಿ ಉತ್ತರ ಕೊಡ್ತಾರೆ, ನೀವು ಎದ್ದು ಉಪಪ್ರಶ್ನೆ ಕೇಳಬಹುದು, ಟಿವೀಲೂ ಬರುತ್ತೆ. ಆದ್ರೆ ಅದು ಕೆಲವೇ ಪ್ರಶ್ನೆಗೆ ಸಿಗೋ ಜಾಗ. ಲೋಕಸಭೇಲೇ ನೋಡಿ, ದಿನಕ್ಕೆ ಚುಕ್ಕೆ ಇರೋದು 20, ಚುಕ್ಕೆ ಇಲ್ಲದ್ದು 230. ಆ 20ರಲ್ಲೂ ಬಾಯಲ್ಲಿ ಉತ್ತರ ಸಿಗೋದು ಒಂದಷ್ಟಕ್ಕೆ ಮಾತ್ರ. ಸದನದ ಬಾವಿಗೆ ಇಳಿದು ಧರಣಿ ಕೂತ್ರೆ ಪ್ರಶ್ನೋತ್ತರ ವೇಳೆನೇ ಹೊರಟೋಗುತ್ತೆ, ಬೆಂಗಳೂರಾಗ್ಲಿ ಬೆಳಗಾವಿ ಆಗ್ಲಿ ನಾವು ನೋಡ್ತಾನೇ ಇದೀವಿ. ಲಿಖಿತ ಉತ್ತರಕ್ಕೆ ಗಲಾಟೆ ತಟ್ಟಲ್ಲ, ಸದನ ಅರ್ಧಕ್ಕೆ ಮುಂದೂಡಿದ್ರೂ ಉತ್ತರ ಮಂಡನೆ ಆಗಿರುತ್ತೆ, ವಿಧಾನಸಭೆ ವೆಬ್‌ಸೈಟಲ್ಲಿ ನಿಮ್ಮ ಹೆಸರಿನ ಮುಂದೆ ಇರುತ್ತೆ, ನಾವು ಊರಲ್ಲಿ ಕೂತು ಮೊಬೈಲಲ್ಲಿ ತೆಗೆದು ಓದಬಹುದು.

ಹೇಗೆ ಕೇಳ್ತೀವಿ ಅನ್ನೋದ್ರಲ್ಲಿ ಎಷ್ಟು ವ್ಯತ್ಯಾಸ ಆಗುತ್ತೆ ಅನ್ನೋದಕ್ಕೆ ದೆಹಲೀದೇ ಒಂದು ಉದಾಹರಣೆ ಕೊಡ್ತೀನಿ, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. 2020 ಸೆಪ್ಟೆಂಬರಲ್ಲಿ ಕೋವಿಡ್ ಕಾರಣಕ್ಕೆ ಸಂಸತ್ತಲ್ಲಿ ಪ್ರಶ್ನೋತ್ತರ ವೇಳೆ ಕೈಬಿಟ್ಟಿದ್ರು, ಲಿಖಿತ ಉತ್ತರ ಮಾತ್ರ ಉಳಿದಿತ್ತು. ಸೆಪ್ಟೆಂಬರ್ 14ಕ್ಕೆ ಲೋಕಸಭೇಲಿ ಕಾರ್ಮಿಕ ಸಚಿವಾಲಯಕ್ಕೆ ಪ್ರಶ್ನೆ ಇತ್ತು, ಲಾಕ್‌ಡೌನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರಲ್ಲಿ ಎಷ್ಟು ಜನ ಸತ್ರು, ಅವ್ರ ಮನೆಯೋರಿಗೆ ಪರಿಹಾರ ಕೊಟ್ರಾ ಅಂತ. ಅಂಥ ಅಂಕಿಅಂಶ ಇಟ್ಟಿಲ್ಲ, ಆದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಅಂತ ಉತ್ತರ ಬಂತು. ವಾಪಸ್ ಹೋದೋರು 1 ಕೋಟಿ 4 ಲಕ್ಷಕ್ಕೂ ಜಾಸ್ತಿ ಅನ್ನೋ ಲೆಕ್ಕ ಇತ್ತು, ಸತ್ತೋರ ಲೆಕ್ಕ ಇರ್ಲಿಲ್ಲ. ಅದೇ ವಾರ ರಾಜ್ಯಸಭೇಲಿ ರೈಲ್ವೆಗೆ ಒಂದು ಪ್ರಶ್ನೆ ಹೋಯ್ತು, ವಲಸೆ ಕಾರ್ಮಿಕರನ್ನ ಊರಿಗೆ ಕಳಿಸೋಕೆ ಬಿಟ್ಟಿದ್ದ ಶ್ರಮಿಕ್ ವಿಶೇಷ ರೈಲುಗಳಲ್ಲಿ ಎಷ್ಟು ಜನ ತೀರಿಕೊಂಡ್ರು ಅಂತ, ಅಷ್ಟೇ. ಸೆಪ್ಟೆಂಬರ್ 9ರವರೆಗೆ 97 ಜನ ಅಂತ ಲಿಖಿತ ಉತ್ತರ ಬಂತು.

ಸರ್ಕಾರ ಒಂದೇ, ವಾರ ಒಂದೇ. ಒಂದು ಪ್ರಶ್ನೆ ಇಡೀ ದೇಶದ ಮೇಲೆ ಹರಡ್ಕೊಂಡಿತ್ತು, ಯಾರೂ ನಂದು ಅಂತ ಮೈಮೇಲೆ ಎಳ್ಕೊಳ್ಳಲಿಲ್ಲ. ಇನ್ನೊಂದು, ಯಾವ ಇಲಾಖೆ ಹತ್ರ ರಿಜಿಸ್ಟರ್ ಇದ್ಯೋ ಅದೇ ಇಲಾಖೆ ಮುಂದೆ ಹೋಗಿ ನಿಂತ್ಕೊಂತು. ಆ 97 ಅನ್ನೋ ಸಂಖ್ಯೇಲಿ ಎಷ್ಟು ಮನೆ ಇದಾವೆ ಸಾರ್, ಆ ಪ್ರಶ್ನೆ ಕೇಳದೇ ಹೋಗಿದ್ರೆ ಸಂಸತ್ತಿನ ದಾಖಲೇಲಿ ಅವ್ರೂ ಇರ್ತಿರ್ಲಿಲ್ಲ. ಅಂಕಿಅಂಶ ಇಲ್ಲ ಅನ್ನೋ ಮೊದಲನೇ ಉತ್ತರನೂ ವ್ಯರ್ಥ ಆಗ್ಲಿಲ್ಲ, ಲೆಕ್ಕನೇ ಇಟ್ಟಿಲ್ಲ ಅಂತ ಸರ್ಕಾರವೇ ಬರೆದು ಕೊಟ್ಟಂಗಾಯ್ತು, ದೇಶವೆಲ್ಲಾ ಅದನ್ನ ಹಿಡ್ಕೊಂಡು ಮಾತಾಡ್ತು.

ಅದಕ್ಕೇ ನಿಮ್ಮ ಹತ್ರ ಕೇಳ್ಕೊಳ್ಳೋದು, "ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ" ಅಂತ ಶುರು ಮಾಡ್ಬೇಡಿ. "ಬಂದಿದೆ" ಅಂತ ಒಂದೇ ಪದದಲ್ಲಿ ಮುಗೀತು, ಇಲ್ಲಾಂದ್ರೆ "ಬಂದಿರುವುದಿಲ್ಲ", ಅಲ್ಲಿಗೆ ಕೆಳಗಿನ ಆ, ಇ, ಈ ಎಲ್ಲದಕ್ಕೂ "ಉದ್ಭವಿಸುವುದಿಲ್ಲ". "ಕೈಗೊಂಡ ಕ್ರಮಗಳೇನು" ಅಂದ್ರೆ "ನಿಯಮಾನುಸಾರ ಕ್ರಮ ಕೈಗೊಳ್ಳಲಾಗುತ್ತಿದೆ", "ಯಾವಾಗ" ಅಂದ್ರೆ "ಅನುದಾನದ ಲಭ್ಯತೆಗನುಗುಣವಾಗಿ". ಈ ವಾಕ್ಯಗಳನ್ನ ನಾವು ಹಳೇ ಉತ್ತರದಿಂದ ಕಾಪಿ ಮಾಡಿ ಅಂಟಿಸ್ತಿದ್ವಿ, ಓದೋ ಅವಶ್ಯಕತೆನೇ ಇರ್ತಿರ್ಲಿಲ್ಲ. ಕಾರ್ಯಾದೇಶ ಕೊಟ್ಟ ದಿನಾಂಕ ಕೇಳಿ, ಬಿಡುಗಡೆಯಾದ ಮೊತ್ತ ಕೇಳಿ, ಇಂಜಿನಿಯರ್ ಆದ ಕೆಲಸ ಅಳೆದು ಬರೆಯೋ ಅಳತೆ ಪುಸ್ತಕದಲ್ಲಿ ಕೊನೇ ಸಲ ಬರೆದಿದ್ದು ಯಾವ ದಿನ ಅಂತ ಕೇಳಿ. ದಿನಾಂಕಕ್ಕೆ ಕಾಪಿ ಪೇಸ್ಟ್ ಆಗಲ್ಲ. ಹಾಗಂತ ಇಡೀ ರಾಜ್ಯದ್ದು 10 ವರ್ಷದ ಲೆಕ್ಕ ಒಟ್ಟಿಗೆ ಕೇಳೋ ಶಾಸಕರೂ ಇದಾರೆ, ಅದಕ್ಕೆ ಮೇಷ್ಟ್ರುಗಳು ಪಾಠ ಬಿಟ್ಟು ಎರಡು ದಿನ ಫಾರ್ಮ್ಯಾಟ್ ತುಂಬ್ತಾರೆ, ದಪ್ಪ ಅನುಬಂಧ ರೆಡಿ ಆಗುತ್ತೆ, ಆಮೇಲೆ ಅದನ್ನ ತೆರೆದು ನೋಡೋರೇ ಇರಲ್ಲ. ಅದು ಬೇಡ. ಒಂದು ತಾಲೂಕು, ಒಂದು ಯೋಜನೆ, ಮೂರು ವರ್ಷ ಸಾಕು.

ನೀವು ಆಳೋ ಪಕ್ಷದೋರು, ನಮ್ಮ ಮಂತ್ರಿಗೆ ನಾವೇ ಮುಜುಗರ ಮಾಡೋದು ಹೇಗೆ ಅಂತ ಅನ್ನಿಸಬಹುದು. ಮತ ಹಾಕೋದಕ್ಕೆ ವಿಪ್ (ಹೀಗೇ ಹಾಕಿ ಅನ್ನೋ ಪಕ್ಷದ ಆದೇಶ) ಇದೆ, ಪ್ರಶ್ನೆ ಕೇಳೋದಕ್ಕೆ ವಿಪ್ ಇಲ್ಲ. 1957ರಲ್ಲಿ ಎಲ್‌ಐಸಿ ದುಡ್ಡಲ್ಲಿ ಸುಮಾರು ಒಂದೂಕಾಲು ಕೋಟಿ, ಹರಿದಾಸ್ ಮುಂದ್ರಾ ಅನ್ನೋ ಉದ್ಯಮಿಯ ಕಂಪನಿಗಳ ಷೇರಿಗೆ ಹೋಗಿದ್ದು ಮೊದಲು ಹೊರಗೆ ಬಂದಿದ್ದು ಲೋಕಸಭೆ ಪ್ರಶ್ನೆಯಿಂದ. ಮೊದಲನೇ ಉತ್ತರದಲ್ಲಿ ಸರ್ಕಾರದೋರು ಜಾರ್ಕೊಂಡ್ರು, ಸದಸ್ಯರು ಬಿಡದೇ ಮತ್ತೆ ಕೇಳಿದ್ರು, ಫಿರೋಜ್ ಗಾಂಧಿ ದಾಖಲೆ ಇಟ್ಟು ಮಾತಾಡಿದ್ರು, ನ್ಯಾಯಮೂರ್ತಿ ಚಾಗ್ಲಾ ಅವ್ರ ವಿಚಾರಣೆ ನಡೀತು, 1958 ಫೆಬ್ರವರೀಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ರು. ಫಿರೋಜ್ ಗಾಂಧಿ ಅವ್ರೂ ಆಳೋ ಪಕ್ಷದೋರೇ, ಪ್ರಧಾನಿ ನೆಹರೂ ಅಳಿಯ. ನಾನು ನಿಮಗೆ ಯಾರ ರಾಜೀನಾಮೆನೂ ಕೇಳಿ ಅಂತಿಲ್ಲ, ಒಂದು ಕೊಠಡಿಗೆ ತಾರಸಿ ಹಾಕ್ಸಿ ಅಂತಿದೀನಿ.

ಇನ್ನೊಂದು ವಿಷಯ, ಉತ್ತರದಲ್ಲಿ ಮಂತ್ರಿಗಳು "ಮಾಡಲಾಗುವುದು" ಅಂದ್ರೆ ಅದು ಭರವಸೆ ಅಂತ ಲೆಕ್ಕಕ್ಕೆ ಬರುತ್ತೆ, ಅದನ್ನ ಬೆನ್ನು ಹತ್ತೋಕೆ ಅಂತಾನೇ ಸದನದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಲೋಕಸಭೇಲಿ ಇಂಥ ಸಮಿತಿ 1953ರಿಂದ ಇದೆ. ಆಫೀಸಲ್ಲಿ ನಮಗೆ ಆ ಸಮಿತಿ ಪತ್ರ ಬಂದ್ರೆ ಎಲ್‌ಎಕ್ಯೂಗಿಂತ ಹೆಚ್ಚು ಭಯ ಆಗ್ತಿತ್ತು, ಯಾಕಂದ್ರೆ ಅದು ಹಳೇ ಉತ್ತರನೇ ಮುಂದಿಟ್ಟು ಕೇಳುತ್ತೆ, ನೀವೇ ಬರೆದಿದ್ದಲ್ಲ ಇದು, ಏನಾಯ್ತು ಅಂತ. ನಿಮ್ಮ ಪ್ರಶ್ನೆಗೆ ಉತ್ತರ ಬಂದ ದಿನ ಪಿಎ ಕೈಲಿ ಒಂದು ಕಾಪಿ ತೆಗೆಸಿ ಇಟ್ಕೊಳ್ಳಿ, ಅದರಲ್ಲಿರೋ ತಾರೀಕು ದಾಟಿದ ಕೂಡ್ಲೇ ಮತ್ತೆ ಬರೀರಿ.

1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಮೈಸೂರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾದಾಗ, ತಾಲೂಕುಗಳಿಂದ ಬಂದೋರಿಗೆ ಕಾನೂನು ಮಾಡೋ ಅಧಿಕಾರ ಇರ್ಲಿಲ್ಲ, ಅಹವಾಲು ಹೇಳ್ಕೊಂಡು ಊರಿಗೆ ವಾಪಸ್ ಬರೋರು. ನಾನು ಜಾತ್ರೇಲಿ ಮಾಡಿದ್ದೂ ಅದನ್ನೇ. ಅಹವಾಲು ಹೇಳೋದು ನಮ್ಮ ಪಾಲಿಂದು, ಉತ್ತರ ಬರೆಸ್ಕೊಳ್ಳೋ ಹಕ್ಕು ನಿಮ್ಮಂಥೋರಿಗೆ ಇದೆ, ವಿಧಾನಸಭೇಲಿ 224 ಜನಕ್ಕೆ ಇರೋ ಹಕ್ಕು ಅದು, ನಮ್ಮ ತಾಲೂಕಿಗೆ ಅದರಲ್ಲಿ ನಿಮ್ಮದೊಂದೇ.

ಆ ಹಕ್ಕಿಗೆ ಬೆಲೆ ಎಷ್ಟು ಅನ್ನೋದು ತಪ್ಪು ದಾರಿ ಹಿಡಿದೋರಿಗೂ ಗೊತ್ತು, 2005 ಡಿಸೆಂಬರಲ್ಲಿ ಪ್ರಶ್ನೆ ಕೇಳೋಕೆ ದುಡ್ಡು ತಗೊಂಡ 11 ಸಂಸದರನ್ನ ಸಂಸತ್ತಿಂದ ಉಚ್ಚಾಟನೆ ಮಾಡಿದ್ರು. ನಾನಂತೂ ಎಲ್ಲರ ಮುಂದೆ, ಹೀಗೆ ಬಹಿರಂಗವಾಗಿ ಕೇಳ್ತಿದೀನಿ. ಪ್ರಶ್ನೆ ಕರಡು ನಾನೇ ಬರೆದು ಸೋಮವಾರ ನಿಮ್ಮ ಆಫೀಸಲ್ಲಿ ಕೊಟ್ಟಿದೀನಿ, ಒಂದೇ ಹಾಳೆ, ಅ ಇಂದ ಈ ವರೆಗೆ ನಾಲ್ಕು ಭಾಗ. ಶಾಲೆ ಹೆಸರು, ಮಂಜೂರಾದ ವರ್ಷ, ಬಿಡುಗಡೆಯಾದ ಮೊತ್ತ, ಹಿಂದೆ ಸದನಕ್ಕೆ "ಪ್ರಗತಿಯಲ್ಲಿದೆ" ಅಂತ ಉತ್ತರ ಕೊಟ್ಟ ಮೇಲೆ ಆದ ಕೆಲಸ ಎಷ್ಟು, ಮುಗಿಸೋ ದಿನಾಂಕ ಯಾವುದು. ಆ ಹಳೇ ಉತ್ತರದ ಸಂಖ್ಯೆನೂ ಮೇಲೆ ಬರೆದಿದೀನಿ, ಸಚಿವಾಲಯದೋರು ಹುಡುಕೋದು ಬೇಡ. ಅಧಿವೇಶನದ ತಾರೀಕು ಪ್ರಕಟ ಆದ ತಕ್ಷಣ ಕೊಟ್ಟುಬಿಡಿ, ತಡ ಆದ್ರೆ ತಗೊಳ್ಳಲ್ಲ.

ಕಟ್ಟಡದ ಫೋಟೋ ಹಿಂದಗಡೆ ಪಿನ್ ಮಾಡಿದೀನಿ. ಲಿಂಟಲ್ ಮೇಲಿನ ಕಬ್ಬಿಣ ಪೂರ್ತಿ ತುಕ್ಕು ಹಿಡಿದಿದೆ, ಒಳಗೆ ಬೇವಿನ ಗಿಡ ಆಳೆತ್ತರ ಬೆಳೆದಿದೆ, ಪಕ್ಕದ ಹಳೇ ಕೊಠಡೀಲಿ ಒಂದನೇ ಕ್ಲಾಸು, ಎರಡನೇ ಕ್ಲಾಸು, ಮೂರನೇ ಕ್ಲಾಸು ಒಟ್ಟಿಗೆ ಕೂತಿದಾವೆ. ಹೋದ ವಾರ ಮಳೆ ಬಂದಾಗ ಮೇಡಂ ಮಕ್ಕಳನ್ನೆಲ್ಲ ಒಂದೇ ಮೂಲೆಗೆ ಸರಿಸಿ ಪಾಠ ಮಾಡ್ತಿದ್ರು.

ಇಂತಿ ತಮ್ಮ ಕ್ಷೇತ್ರದ ಮತದಾರಳು