ಮಗಳಿಗೊಂದು ಪತ್ರ: ಮೊಳೆ ಜೋಡಿಸಿದವಳ ಹೆಸರು

ಪ್ರೀತಿಯ ಪುಟ್ಟಿ,

ಪ್ರಾಜೆಕ್ಟಿಗೆ ಗೌಡಿ ಓಲ್ಡ್ ಸ್ಟೈಲ್ ಫಾಂಟ್ ಆರಿಸಿಕೊಂಡೆ ಅಂತ ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಖುಷಿಗೆ ರಾತ್ರಿ ನಿದ್ದೆಯೇ ಬರಲಿಲ್ಲ. ಆ ಗೌಡಿ ಬಗ್ಗೆ, ಅವರಿಗಿಂತ ಜಾಸ್ತಿ ಅವರ ಹೆಂಡತಿ ಬಗ್ಗೆ, ನಿನಗೆ ಹೇಳಬೇಕು.

ಫ್ರೆಡರಿಕ್ ಗೌಡಿ 1865ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಹುಟ್ಟಿದವರು. ಮೊದಲು ಲೆಕ್ಕ ಬರೆಯುವ ಕೆಲಸ. ಅಕ್ಷರದ ರೂಪ ಬರೆಯುವ ಕೆಲಸವನ್ನು ತಾವೇ ಕಲಿತರು. 1903ರಲ್ಲಿ ಶಿಕಾಗೋ ಹತ್ತಿರದ ಪಾರ್ಕ್ ರಿಡ್ಜ್‌ನಲ್ಲಿ ವಿಲೇಜ್ ಪ್ರೆಸ್ ಶುರುವಾಯಿತು. ಅಕ್ಷರ ಬರೆದವರು ಗೌಡಿ. ಅಲ್ಲಿ ಮೊಳೆ, ಅಂದರೆ ಅಚ್ಚು ಹಾಕುವ ಸೀಸದ ಅಕ್ಷರ, ಜೋಡಿಸುತ್ತಿದ್ದವರು ಅವರ ಹೆಂಡತಿ ಬರ್ಥಾ.

ಮೊಳೆ ಜೋಡಿಸುವುದು ಅಂದರೆ ಏನು ಅಂತ ನೀನು ನೋಡಿಲ್ಲ ಅಲ್ವಾ? ಎಡಗೈಯಲ್ಲಿ ಸ್ಟಿಕ್ ಅನ್ನುವ ಸಾಲು ಕೂರಿಸುವ ಸಣ್ಣ ತಟ್ಟೆ ಹಿಡಿದು, ಬಲಗೈಯಿಂದ ಕೇಸಿನಲ್ಲಿರುವ, ಅಂದರೆ ಖಾನೆಗಳ ಪೆಟ್ಟಿಗೆಯಲ್ಲಿರುವ, ಮೊಳೆಗಳನ್ನು ಒಂದೊಂದಾಗಿ ಹೆಕ್ಕಬೇಕು. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ, ಸಾಲು ತಲೆಕೆಳಗು. ಮೊಳೆಯ ಮೈಮೇಲೆ ಒಂದು ಸಣ್ಣ ಕಚ್ಚು ಇರುತ್ತದೆ. ಅದು ಹೆಬ್ಬೆರಳಿಗೆ ಸಿಕ್ಕಿದರೆ ಕಣ್ಣಿಟ್ಟು ನೋಡುವುದೇ ಬೇಡ, ಮೊಳೆ ನೆಟ್ಟಗೆ ಕೂತಿದೆ ಅಂತ ತಿಳಿಯುತ್ತದೆ. ಆಮೇಲೆ ಪದಗಳ ನಡುವೆ ಸೀಸದ ತೆಳು ತುಂಡುಗಳನ್ನು ಕೂರಿಸಬೇಕು. ಅಳತೆ ತಪ್ಪಿ ಪದಗಳು ದೂರವಾದರೆ ಪುಟದಲ್ಲಿ ಬಿಳಿ ತೂತು ಕಾಣುತ್ತದೆ. ಸಾಲು ಸಡಿಲವಾದರೆ ಎತ್ತುವಾಗ ಪೂರ್ತಿ ಉದುರುತ್ತದೆ. ಪ್ರೆಸ್ ಬಿಟ್ಟು ಎಷ್ಟು ವರ್ಷವಾದರೂ ನನ್ನ ಹೆಬ್ಬೆರಳು ಆ ಕಚ್ಚನ್ನು ಮರೆತಿಲ್ಲ. ಬರ್ಥಾ ಇದನ್ನೇ ಪುಟದ ಮೇಲೆ ಪುಟ, ವರ್ಷಗಟ್ಟಲೆ ಮಾಡಿದರು.

1908ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಪ್ರೆಸ್ ಇದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಇದ್ದಬದ್ದದ್ದೆಲ್ಲ ಹೋಯಿತು. ಗಂಡ ಹೆಂಡತಿ ಮತ್ತೆ ಮೊದಲಿನಿಂದ ಶುರು ಮಾಡಿದರು. ನೀನು ಆರಿಸಿದ ಅಕ್ಷರ ಬಂದದ್ದು ಆ ಬೆಂಕಿಯ ನಂತರವೇ, 1915ರಲ್ಲಿ. ಅರವತ್ತು ದಾಟಿದ ಮೇಲೆ ಗೌಡಿ ಮೊಳೆ ಎರಕ ಹೊಯ್ಯುವ ಅಚ್ಚು ಕೊರೆಯುವುದನ್ನೂ ಕೈಯಾರೆ ಕಲಿತರು. ಆ ವಯಸ್ಸಿಗೆ ಕಣ್ಣು ಕೈಕೊಡುವ ಕೆಲಸ ಅದು, ಪುಟ್ಟಿ.

ಬರ್ಥಾ 1935ರಲ್ಲಿ ತೀರಿಕೊಂಡರು. ಮರುವರ್ಷ ಗೌಡಿ ಮಾಡಿದ ಹೊಸ ಅಕ್ಷರಕ್ಕೆ ಅವರ ಹೆಸರನ್ನೇ ಇಟ್ಟರು, ಬರ್ಥಾಮ್ ಅಂತ. ಅದು ಗೌಡಿ ಮಾಡಿದ ನೂರನೇ ಫಾಂಟ್. 1939ರಲ್ಲಿ ಮತ್ತೆ ಬೆಂಕಿ. ಹಡ್ಸನ್ ನದಿ ಕಡೆಯ ಊರಿನಲ್ಲಿದ್ದ ಅವರ ಕೆಲಸದ ಮನೆ ಸುಟ್ಟುಹೋಯಿತು. ಆಗ ಅವರಿಗೆ 73 ವರ್ಷ. ಆದರೂ ಕೈ ಕಟ್ಟಿ ಕೂರಲಿಲ್ಲ. ಎರಡು ವರ್ಷದಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಅನ್ನುವ ಹೆಣ್ಣುಮಕ್ಕಳ ಕಾಲೇಜಿಗೆ ಅಂತಲೇ ಒಂದು ಅಕ್ಷರ ಮಾಡಿಕೊಟ್ಟರು.

ನಿನ್ನ ಪ್ರಾಜೆಕ್ಟಿನ ಕೊನೇ ಪುಟದಲ್ಲಿ ಫಾಂಟ್ ಯಾರದು ಅಂತ ಬರೆಯುತ್ತೀಯಲ್ಲ, ಅಲ್ಲಿ ಬರ್ಥಾ ಹೆಸರನ್ನೂ ಸೇರಿಸು. ಪ್ರಿಂಟ್ ಆದ ಮೇಲೆ ನನಗೊಂದು ಪ್ರತಿ ಕಳಿಸು. ಫೋನಿನಲ್ಲಿ ಬೇಡ, ಕಾಗದದ ಮೇಲೆ.

ಇಂತಿ,
ನಿನ್ನ ಅಪ್ಪ