17 ಮೆಟ್ಟಿಲು ಹತ್ತಿಸಿದವರಿಗೆ

ಹೋದ ವರ್ಷ ಯುಗಾದಿ ಮುಗಿದು ಒಂದು ವಾರ ಆಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಯಿತು. ದವಡೆ ನೋವು, ಬೆನ್ನಲ್ಲಿ ಭಾರ, ಮೈಯೆಲ್ಲ ಬೆವರು. ಎದೆನೋವು ಅಂತ ಹೇಳುವಷ್ಟು ಏನೂ ಇರಲಿಲ್ಲ. ಗ್ಯಾಸ್ ಇರಬೇಕು ಅಂದುಕೊಂಡು ಓಮದ ನೀರು ಕುಡಿದು ಅರ್ಧ ಗಂಟೆ ಸುಮ್ನೆ ಕೂತೆ. ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಹೀಗೂ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಯಜಮಾನರು ನನ್ನ ಮುಖ ನೋಡಿದವರೇ ಬೀದಿಗೆ ಓಡಿ ಆಟೋ ಕರೆತಂದರು. ಆ ಗಾಬರಿಯಲ್ಲಿ 108 ನೆನಪಾಗಲಿಲ್ಲ. ನೀವು ಮರೆಯಬೇಡಿ.

ಇವತ್ತಿಗೆ ಒಂದು ವರ್ಷ ತುಂಬಿತು. ಅದಕ್ಕೇ ಈ ಬರಹ.

ಮೊದಲು ಆ ಬೆಳಿಗ್ಗೆ ಮುಚ್ಚಿದ್ದ ರಕ್ತನಾಳ ತೆರೆದು, ಅದು ತೆರೆದೇ ಇರಲಿ ಅಂತ ಸ್ಟೆಂಟ್ ಅನ್ನೋ ಸಣ್ಣ ಜಾಲರಿ ಕೊಳವೆ ಹಾಕಿದ ಡಾಕ್ಟರಿಗೆ, ಐಸಿಯುನಲ್ಲಿ ರಾತ್ರಿಯೆಲ್ಲ ನೋಡಿಕೊಂಡ ನರ್ಸಮ್ಮಂದಿರಿಗೆ ನಮಸ್ಕಾರ. ನಿಮ್ಮಿಂದ ಜೀವ ಉಳಿಯಿತು.

ನಾಲ್ಕನೇ ದಿನ ಮನೆಗೆ ಬಂದೆ. ಎಕೋದಲ್ಲಿ, ಅಂದರೆ ಹಾರ್ಟ್ ಸ್ಕ್ಯಾನಿಂಗ್‌ನಲ್ಲಿ, ಹಾರ್ಟ್ ಪಂಪಿಂಗ್ 40 ಪರ್ಸೆಂಟ್ ಅಂತ ಬಂದಿತ್ತು, ಇರಬೇಕಾದ್ದಕ್ಕಿಂತ ಕಮ್ಮಿ. ಆ ನಂಬರ್ ತಲೆಯಲ್ಲಿ ಕೂತುಬಿಟ್ಟಿತು. ಬಸವನಗುಡಿಯ ನಮ್ಮ ಹಳೇ ಮನೆಯಲ್ಲಿ ಮಲಗುವ ಕೋಣೆ ಮಹಡಿ ಮೇಲೆ. 17 ಮೆಟ್ಟಿಲು. ಡಾಕ್ಟರು ನಿಧಾನವಾಗಿ ಹತ್ತಬಹುದು ಅಂದಿದ್ದರು. ಆದರೂ ಮೊದಲನೇ ಮೆಟ್ಟಿಲಿಗೆ ಕಾಲಿಟ್ಟರೆ ಎದೆ ಡವಡವ. ಹಾಲ್‌ನ ದಿವಾನದ ಮೇಲೆ ಮಲಗೋಕೆ ಶುರು ಮಾಡಿದೆ. ಸ್ನಾನಕ್ಕೆ ಹೋದರೂ ಬಾಗಿಲ ಹೊರಗೆ ಯಾರಾದರೂ ಇರಬೇಕು. ಕಾರಣ ಇಲ್ಲದೆ ಅಳು ಬರುತ್ತಿತ್ತು.

ಮೂರನೇ ವಾರ, ಹಾರ್ಟ್ ತೊಂದರೆ ಆದವರಿಗೆ ನಿಗಾ ಇಟ್ಟು ವ್ಯಾಯಾಮ ಮಾಡಿಸಿ ಚೇತರಿಸುವ ಕಾರ್ಡಿಯಾಕ್ ರಿಹ್ಯಾಬ್‌ಗೆ ಸೇರಿದೆ. ವಾರಕ್ಕೆ 3 ದಿನ, 12 ವಾರ, ಒಟ್ಟು 36 ಸಲ. ಮೊದಲ ದಿನ ಆರು ನಿಮಿಷ ನಡೆಸಿ ಅಳೆದರು: 240 ಮೀಟರ್. ಮಧ್ಯೆ ಎರಡು ಸಲ ಕೂತಿದ್ದೆ.

ಅಲ್ಲಿನ ಫಿಸಿಯೋಥೆರಪಿಸ್ಟ್ ನನ್ನ ಮಗಳ ವಯಸ್ಸಿನ ಹುಡುಗಿ. ಎದೆಗೆ ಇಸಿಜಿ ವೈರ್ ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿದಾಗ ನಾನು ಕಂಬಿ ಬಿಡಲೇ ಇಲ್ಲ. ನಾನು ಭಜನಾ ಮಂಡಳಿಯಲ್ಲಿದ್ದೇನೆ ಅಂತ ಅವಳಿಗೆ ಹೇಗೋ ಗೊತ್ತಾಗಿತ್ತು. "ಅಮ್ಮ, ನಡೀತಾ ಒಂದು ದೇವರನಾಮ ಹೇಳಿ" ಅಂದಳು. ಹೇಳಿದೆ. "ಹಾಡೋಕೆ ಬರ್ತಿದೆ ಅಂದ್ರೆ ಇನ್ನೂ ಸ್ವಲ್ಪ ಜೋರಾಗಿ ನಡೀಬಹುದು" ಅಂತ ಸ್ಪೀಡ್ ಒಂಚೂರು ಏರಿಸಿದಳು. ಪಲ್ಲವಿ ಅರ್ಧಕ್ಕೇ ನಿಂತಿತು. "ಇವತ್ತು ಮನೇಲಿ ಏನಡುಗೆ?" "ಹೀರೇಕಾಯಿ ತೊವ್ವೆ." "ಮಾತಾಡೋಕೆ ಆಗ್ತಿದೆ, ಹಾಡೋಕೆ ಆಗ್ತಿಲ್ಲ. ಇದೇ ನಿಮ್ಮ ಹದ, ಅಮ್ಮ."

ಹದ! ನಲವತ್ತು ವರ್ಷ ಪಾಕದ ಹದ, ಹಿಟ್ಟಿನ ಹದ ನೋಡಿದವಳು ನಾನು. ಆ ಒಂದು ಪದದಿಂದ ನನಗೆ ಎಲ್ಲಾ ಅರ್ಥವಾಯಿತು. ಈಗಲೂ ಲಾಲ್‌ಬಾಗ್‌ನಲ್ಲಿ ನಡೆಯುವಾಗ ಹಾಗೇ ನೋಡಿಕೊಳ್ಳುತ್ತೇನೆ.

ಹತ್ತನೇ ವಾರ ಅವಳೇ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದಳು, ಪಕ್ಕದಲ್ಲೇ ಎಣಿಸುತ್ತಾ. 17ಕ್ಕೆ ನಿಲ್ಲಿಸಿ, "ನಿಮ್ಮ ಮನೆ ಬಂತು" ಅಂದಳು. ಅವತ್ತು ರಾತ್ರಿ ನನ್ನ ಮಂಚದ ಮೇಲೆ ಮಲಗಿದೆ. ಮಗಳೇ, ಇದನ್ನ ಓದುತ್ತಿದ್ದರೆ, ನಿನಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಡಯಟಿಶಿಯನ್ ಮೇಡಂಗೆ ಇನ್ನೊಂದು ನಮಸ್ಕಾರ. ಅವರು ಏನು ಬಿಡಬೇಕು ಅಂತ ಪಟ್ಟಿ ಕೊಡಲಿಲ್ಲ. "ಒಂದು ಕೆಜಿ ಉಪ್ಪು ಎಷ್ಟು ದಿನ ಬರುತ್ತೆ?" ಅಂತ ಕೇಳಿದರು. ಮೂರು ಜನಕ್ಕೆ ಒಂದು ತಿಂಗಳು ಅಂದೆ. ನನ್ನ ಕೈಲೇ ಲೆಕ್ಕ ಮಾಡಿಸಿದರು. ಒಬ್ಬರಿಗೆ ದಿನಕ್ಕೆ 11 ಗ್ರಾಂ ಬಂತು. ಇರಬೇಕಾದ್ದು 5 ಗ್ರಾಂ, ಒಂದು ಟೀ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲಿರೋದೂ ಇದರಲ್ಲೇ ಸೇರಬೇಕು. ಹೊಸ ಪ್ಯಾಕೆಟ್ ಒಡೆದಾಗೆಲ್ಲ ಅದರ ಮೇಲೆ ತಾರೀಕು ಬರೆಯಿರಿ ಅಂದರು, ಅಷ್ಟೇ. ಹೋದ ಪ್ಯಾಕೆಟ್ 55 ದಿನ ಬಂತು. ಉಪ್ಪು ಕಮ್ಮಿಯಾದ ಕಡೆ ನಿಂಬೆಹಣ್ಣು, ಮೆಣಸು, ಜೀರಿಗೆ ಬಂದಿವೆ. ನಮ್ಮ ಅತ್ತೆಗೆ 84 ವರ್ಷ. ಊಟಕ್ಕೆ ಉಪ್ಪಿನಕಾಯಿ ಇಲ್ಲದೆ ಒಂದು ದಿನ ಕೂತವರಲ್ಲ. ಜಾಡಿಯನ್ನ ತಾವೇ ಎತ್ತಿ ಪಕ್ಕದ ಮನೆಗೆ ಕೊಟ್ಟುಬಂದರು. ಅತ್ತೆ, ನೀವು ಏನೂ ಹೇಳಲಿಲ್ಲ. ನಾನು ನೋಡಿದೆ.

36 ಸಲ ಮುಗಿದ ದಿನ ಆರು ನಿಮಿಷಕ್ಕೆ 390 ಮೀಟರ್ ನಡೆದೆ. ಆಮೇಲೆ ಇದ್ದದ್ದೇ ಕಷ್ಟದ ಕಾಲ. ಕರೆಯೋರು, ಅಳೆಯೋರು ಯಾರೂ ಇರಲ್ಲ, ಅಲ್ವಾ? ನಮ್ಮ ಬ್ಯಾಚ್‌ನ ಐದು ಜನ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡೆವು. ಗುಡ್ ಮಾರ್ನಿಂಗ್ ಚಿತ್ರ ಬೇಡ, ಉಪದೇಶ ಬೇಡ. ದಿನಕ್ಕೆ ಒಂದೇ ಪದ: "ನಡೆದೆ". ಆಗಸ್ಟ್ ಮಳೆಯಲ್ಲಿ ನಾನು ಐದು ದಿನ ಬರೆಯಲಿಲ್ಲ. ಆರನೇ ದಿನ ಗ್ರೂಪ್‌ನಲ್ಲಿದ್ದ ಬಿಎಂಟಿಸಿ ಡ್ರೈವರ್ ತಮ್ಮನ ಫೋನ್ ಬಂತು. "ಅಕ್ಕ, ಮಳೆ ಬಂದ್ರೆ ವರಾಂಡ ಇದೆಯಲ್ಲ. ನೀವು ನಿಂತ್ರೆ ನಾನೂ ನಿಂತುಬಿಡ್ತೀನಿ." ಅವನು 20 ವರ್ಷದ ಸಿಗರೇಟ್ ಬಿಟ್ಟು ಅಲ್ಲಿಗೆ ಆರು ತಿಂಗಳೂ ಆಗಿರಲಿಲ್ಲ. ಫೋನ್ ಇಟ್ಟು ಎದ್ದು ವರಾಂಡದಲ್ಲೇ ಅರ್ಧ ಗಂಟೆ ನಡೆದೆ.

ಮಾತ್ರೆ ವಿಷಯಕ್ಕೆ ಯಜಮಾನರೇ ಕಾವಲು. ಹಲ್ಲು ಕೀಳಿಸಬೇಕಾದಾಗಲೂ ಮೊದಲು ಹಾರ್ಟ್ ಡಾಕ್ಟರಿಗೆ ಫೋನ್ ಮಾಡಿಸಿದರು. ರಕ್ತ ತೆಳು ಮಾಡುವ ಮಾತ್ರೆ ನಾವಾಗಿ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಮೊನ್ನೆಯ ಎಕೋದಲ್ಲಿ ಪಂಪಿಂಗ್ 52. ಇವತ್ತು ಬೆಳಿಗ್ಗೆ ಇಬ್ಬರೂ ಲಾಲ್‌ಬಾಗ್ ಬಂಡೆ ಹತ್ತಿ ಕೆಂಪೇಗೌಡರ ಗೋಪುರದ ಹತ್ತಿರ ಕೂತು ಬಂದೆವು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಸ್ಟೆಂಟ್ ಆಗಿದ್ದರೆ, ಡಿಸ್ಚಾರ್ಜ್ ದಿನವೇ "ರಿಹ್ಯಾಬ್ ಇದೆಯಾ?" ಅಂತ ಕೇಳಿ. ಎಷ್ಟೋ ಸಲ ನಾವು ಕೇಳದಿದ್ದರೆ ಯಾರೂ ಹೇಳಲ್ಲ.

ಇನ್ನು ಆ ಆಟೋದವರು. ಗಾಂಧಿ ಬಜಾರ್ ಕಡೆಯಿಂದ ಬಂದರು. ಆಟೋ ಹಿಂದೆ ಶಂಕರ್‌ನಾಗ್ ಚಿತ್ರ ಇತ್ತು. ಸೌತ್ ಎಂಡ್ ಸರ್ಕಲ್ ದಾಟುವವರೆಗೂ ಒಂದೇ ಸಮ "ಅಮ್ಮ, ಮಾತಾಡ್ತಾ ಇರಿ" ಅನ್ನುತ್ತಿದ್ದರು. ಎಮರ್ಜೆನ್ಸಿ ಬಾಗಿಲಲ್ಲಿ ವೀಲ್‌ಚೇರ್ ತಾವೇ ತಳ್ಳಿದರು. ಯಜಮಾನರು ದುಡ್ಡು ಕೊಡೋಕೆ ತಿರುಗಿ ನೋಡುವಷ್ಟರಲ್ಲಿ ಹೊರಟುಹೋಗಿದ್ದರು. ಹೆಸರೂ ಗೊತ್ತಿಲ್ಲ. ನಿಮಗೆ ಗೊತ್ತಿರುವವರು ಅನ್ನಿಸಿದರೆ ದಯವಿಟ್ಟು ತಿಳಿಸಿ: ಆ ಅಮ್ಮ ಚೆನ್ನಾಗಿದ್ದಾರೆ, ಇವತ್ತೂ ನಡೆದಿದ್ದಾರೆ ಅಂತ.